ಪಿಎಚ್‌ಡಿ, ಮನೆ, ಹಬ್ಬ: ಕರಾವಳಿಯ ಸಂಶೋಧಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಣಾಜೆಯಿಂದ ಮಣಿಪಾಲದವರೆಗೆ ಹೆದ್ದಾರಿಯ ಆಚೀಚೆ ಎಷ್ಟೊಂದು ಮಂದಿ ಪಿಎಚ್‌ಡಿ ಮಾಡುತ್ತಿದ್ದಾರೆ. ಅವರಲ್ಲಿ ತುಂಬಾ ಜನ ಹಾಸ್ಟೆಲಿನಲ್ಲಿಲ್ಲ, ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ದೋಸೆ ಹೊಯ್ದು, ಮಗುವನ್ನು ವ್ಯಾನ್ ಹತ್ತಿಸಿ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಬದಲಿಸಿ ಲ್ಯಾಬಿಗೆ ಹೋಗುವವರು. ನಾನೂ ಹಾಗೇ ಮುಗಿಸಿದವಳು. ಐದೂವರೆ ವರ್ಷ ಹಿಡಿಯಿತು. ಮುಗಿದ ಮೇಲೆ ಕಿರಿಯರು ಫೋನಿನಲ್ಲಿ, ಮದುವೆ ಹಾಲ್‌ನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಯಮದ ಮಾತು ಬಂದಲ್ಲೆಲ್ಲ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಾವಳಿಯನ್ನೇ ಹಿಡಿದಿದ್ದೇನೆ. ನಿಮ್ಮ ವಿಶ್ವವಿದ್ಯಾಲಯ ಅದಕ್ಕೆ ತನ್ನದೂ ಒಂದಿಷ್ಟು ಸೇರಿಸಿರುತ್ತದೆ. ಅದನ್ನು ಕಚೇರಿಯಲ್ಲೇ ಕೇಳಿಕೊಳ್ಳಿ.

"ಇನ್ನೂ ಮುಗೀಲಿಲ್ವಾ?" ಅಂತ ಸಿಕ್ಕಿದವರೆಲ್ಲ ಕೇಳುತ್ತಾರೆ. ಏನು ಹೇಳಲಿ?

ವರ್ಷದ ಲೆಕ್ಕ ಹೇಳಿಬಿಡಿ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಹೆಂಗಸರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷ. ಒಟ್ಟು 10 ವರ್ಷ ಮೀರುವಂತಿಲ್ಲ.

ಈ ಲೆಕ್ಕ ಮನೆಯವರ ಬಾಯಿಗೆ ಬರಬೇಕು. ಆಗ ನಿಮ್ಮ ಅರ್ಧ ಭಾರ ಇಳಿಯುತ್ತದೆ. ನಮ್ಮ ಅತ್ತೆ ಉಡುಪಿಯವರು. ಅವರಿಗೆ ನಾನು ಪರ್ಯಾಯದ ಲೆಕ್ಕದಲ್ಲಿ ಹೇಳಿದೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣಮಠದ ಪೂಜೆಯ ಹೊಣೆ ಮಠದಿಂದ ಮಠಕ್ಕೆ ದಾಟುವ ಪರ್ಯಾಯ ಬರುತ್ತದಲ್ಲ, "ಅತ್ತೆ, ಮೂರು ಪರ್ಯಾಯ ಕಳೆಯುವಷ್ಟು ಟೈಮ್ ಉಂಟು ನನಗೆ" ಅಂದೆ. ಅವರು ಬೆರಳು ಮಡಚಿ ಎಣಿಸಿದರು. ಆಮೇಲೆ ನೆಂಟರು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ "ಇನ್ನೊಂದು ಪರ್ಯಾಯ ಉಂಟು" ಅಂತ ಅವರೇ ಉತ್ತರ ಕೊಡುತ್ತಿದ್ದರು.

ಮನೆಯವರಿಗೆ ಪಿಎಚ್‌ಡಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಯಾವ ಯಾವ ಹಂತ ಇದೆ ಅಂತ ಹೇಗೆ ವಿವರಿಸುವುದು?

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ. ಮನೆಯವರಿಗೆ ಎರಡೇ ಹಂತ ಗೊತ್ತು: ಸೇರಿದ್ದು ಮತ್ತು ಡಾಕ್ಟರ್ ಆದದ್ದು. ನಡುವೆ ಐದು ವರ್ಷ ನಾವು ಏನು ಮಾಡುತ್ತೇವೆ ಅಂತ ಅವರಿಗೆ ಕಾಣುವುದೇ ಇಲ್ಲ. ಕಾಣದ ಕೆಲಸಕ್ಕೆ ಯಾರು ಜಾಗ ಬಿಟ್ಟುಕೊಡುತ್ತಾರೆ ಹೇಳಿ?

ಮೊದಲು ಕೋರ್ಸ್‌ವರ್ಕ್. ಇದು ಕ್ಲಾಸು, ಪರೀಕ್ಷೆ ಇರುವ ಹಂತ. ಕನಿಷ್ಠ 12 ಕ್ರೆಡಿಟ್, ಪಾಸಾಗಲು ಶೇ. 55 ಬೇಕು. ಪರೀಕ್ಷೆ ಅಂದರೆ ಮನೆಯಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ, ಹಾಗಾಗಿ ಇಲ್ಲಿ ಕಷ್ಟವಿಲ್ಲ. ಆಮೇಲೆ ಸಂಶೋಧನಾ ಸಲಹಾ ಸಮಿತಿಯ ಎದುರು ವಿಷಯ ಮಂಡಿಸುವುದು. ಅಲ್ಲಿಂದ ಮುಂದೆ ಪ್ರತಿ ಸೆಮಿಸ್ಟರ್‌ಗೆ ಒಮ್ಮೆ ಅದೇ ಸಮಿತಿಯ ಎದುರು ಎಷ್ಟು ಕೆಲಸ ಆಯಿತು ಅಂತ ಹೇಳಬೇಕು, ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಕೊನೆಗೆ ಪ್ರೀ-ಸಬ್ಮಿಷನ್ ಮಂಡನೆ, ಥೀಸಿಸ್ ಸಲ್ಲಿಕೆ, ಹೊರಗಿನ ಇಬ್ಬರು ಪರೀಕ್ಷಕರ ವರದಿ, ವೈವಾ ಅಂದರೆ ಮೌಖಿಕ ಪರೀಕ್ಷೆ.

ನಾನು ಇದನ್ನೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದೆ. ಗ್ಯಾಸ್ ಬುಕ್ ಮಾಡಿದ ದಿನ, ಹಾಲಿನ ಲೆಕ್ಕ, ಏಕಾದಶಿ ಇರುವ ಅದೇ ಕ್ಯಾಲೆಂಡರ್. "ಆರು ತಿಂಗಳ ವರದಿ" ಅಂತ ಕೆಂಪು ಪೆನ್ನಿನಲ್ಲಿ. ಅದರ ಹಿಂದಿನ ಎರಡು ವಾರಕ್ಕೆ ಒಂದು ಉದ್ದ ಗೀಟು. ಫೋನಿನೊಳಗಿನ ಕ್ಯಾಲೆಂಡರ್ ನಾನೊಬ್ಬಳೇ ನೋಡುವುದು, ಗೋಡೆಯದ್ದು ಎಲ್ಲರೂ ನೋಡುವುದು. ಎರಡನೇ ವರ್ಷ ಮಾವನೇ "ಈ ಗೀಟಿನ ಒಳಗೆ ಯಾರನ್ನೂ ಊಟಕ್ಕೆ ಕರೆಯುವುದು ಬೇಡ" ಅಂದರು.

ಹಬ್ಬದ ದಿನವೂ ಬರೆಯಬೇಕಾ?

ಬೇಡ. ಹಬ್ಬದ ದಿನ ಲ್ಯಾಪ್‌ಟಾಪ್ ಮುಚ್ಚಿಡಿ. ಒಂದು ಕಣ್ಣು ಅದರಲ್ಲಿ, ಒಂದು ಕಣ್ಣು ಬಾಣಲೆಯಲ್ಲಿ ಇಟ್ಟರೆ ಬರವಣಿಗೆಯೂ ಆಗುವುದಿಲ್ಲ, ಹಬ್ಬವೂ ಆಗುವುದಿಲ್ಲ. ಕಡುಬು ತಿನ್ನುತ್ತಾ ಅಧ್ಯಾಯ ಮೂರರ ಚಿಂತೆ ಮಾಡಿದ ಅಷ್ಟಮಿ ಒಂದು ಇತ್ತು ನನಗೆ. ಆ ವರ್ಷದ ಮೂಡೆ ಹೇಗಿತ್ತು ಅಂತ ನೆನಪಿಲ್ಲ. ಆ ದಿನ ಬರೆದ ಪುಟವನ್ನೂ ಆಮೇಲೆ ತೆಗೆದು ಹಾಕಿದೆ.

ಆದರೆ ವರ್ಷ ಇಡೀ ನೋಡಿದರೆ ನಮ್ಮ ಊರಿನ ಲೆಕ್ಕವೇ ನಮಗೆ ದಾರಿ ಮಾಡಿಕೊಡುತ್ತದೆ. ತುಳುನಾಡಿನ ವರ್ಷವನ್ನು ಒಮ್ಮೆ ಗಮನಿಸಿ. ದೀಪಾವಳಿಯ ನಂತರ ದೈವಗಳ ಕೋಲ, ನೇಮ, ಯಕ್ಷಗಾನ ಮೇಳಗಳ ತಿರುಗಾಟ ಶುರು. ಮದುವೆ, ಗೃಹಪ್ರವೇಶ, ಜಾತ್ರೆ ಎಲ್ಲ ಅದೇ ಸಮಯಕ್ಕೆ. ಮೇ 24ರ ಹೊತ್ತಿಗೆ ಪತ್ತನಾಜೆ ಬರುತ್ತದೆ. ಗೆಜ್ಜೆ ಬಿಚ್ಚಿಡುತ್ತಾರೆ, ನೇಮಗಳು ನಿಲ್ಲುತ್ತವೆ. ಆಮೇಲೆ ಮಳೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು. ಆಟಿಯಲ್ಲಿ ಮದುವೆ ಇಲ್ಲ, ಶುಭ ಕಾರ್ಯ ಇಲ್ಲ, ನೆಂಟರ ಓಡಾಟವೂ ಕಡಿಮೆ.

ಅದೇ ನಮ್ಮ ಬರೆಯುವ ಕಾಲ. ಪತ್ತನಾಜೆಯಿಂದ ಆಟಿ ಮುಗಿಯುವವರೆಗೆ ಸುಮಾರು ಹನ್ನೆರಡು ವಾರ ಸಿಗುತ್ತದೆ. ನನ್ನ ಐದು ಅಧ್ಯಾಯಗಳಲ್ಲಿ ನಾಲ್ಕನ್ನು ಬರೆದದ್ದು ಮಳೆಗಾಲದಲ್ಲೇ. ಮಾಹಿತಿ ಸಂಗ್ರಹ, ಫೀಲ್ಡ್‌ವರ್ಕ್, ಲ್ಯಾಬಿನ ಓಡಾಟವನ್ನು ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳಿಗೆ ಇಟ್ಟುಕೊಂಡೆ. ಆಗ ಅರ್ಧ ದಿನ ಸಿಕ್ಕಿದರೂ ಕೆಲಸ ಆಗುತ್ತದೆ. ಬರವಣಿಗೆಗೆ ಅರ್ಧ ದಿನ ಸಾಲದು, ಅದಕ್ಕೆ ಮನೆಗೆ ಮನೆಯೇ ಸುಮ್ಮನಿರಬೇಕು.

ಆಟಿ ಮುಗಿದ ಕೂಡಲೇ ಸೋಣ ತಿಂಗಳು. ಮತ್ತೆ ಹಬ್ಬದ ಸಾಲು: ಅಷ್ಟಮಿ, ಚೌತಿ, ಸೆಪ್ಟೆಂಬರ್ 8ಕ್ಕೆ ಕ್ರೈಸ್ತರ ಮೊಂತಿ ಹಬ್ಬ, ನವರಾತ್ರಿ. ಮಂಗಳೂರಿನಲ್ಲಿ ಕುದ್ರೋಳಿ ದಸರಾ ಇದ್ದರೆ ಉಡುಪಿಯ ರಥಬೀದಿಯಲ್ಲಿ ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ. ಆ ದಿನಗಳಲ್ಲಿ ಬಸ್ಸಿನಲ್ಲಿ ಕೂತು ಸಮಯಕ್ಕೆ ಸರಿಯಾಗಿ ಲೈಬ್ರರಿಗೆ ಮುಟ್ಟುವುದೂ ಕಷ್ಟ. ಆ ಸಮಯಕ್ಕೆ ತಿದ್ದುವ ಕೆಲಸ ಇಟ್ಟುಕೊಳ್ಳಿ. ಗ್ರಂಥಸೂಚಿ, ಕೋಷ್ಟಕ, ಕಾಗುಣಿತ ಇಂಥವು. ಮಧ್ಯೆ ಮಧ್ಯೆ ಎದ್ದು ಹೋಗಬಹುದಾದ ಕೆಲಸಗಳು.

ಆಟಿ ತಿಂಗಳಲ್ಲಿ ಥೀಸಿಸ್ ಸಲ್ಲಿಸಬಹುದಾ ಅಂತ ಮನೆಯಲ್ಲಿ ಕೇಳುತ್ತಾರೆ.

ನಮ್ಮ ಮನೆಯಲ್ಲೂ ಕೇಳಿದರು. ನನ್ನ ಕೊನೆಯ ದಿನಾಂಕ ಸರಿಯಾಗಿ ಆಟಿಯ ನಡುವೆ ಬಿತ್ತು. ಅತ್ತೆಗೆ ಮನಸ್ಸಿಲ್ಲ. "ಐದು ವರ್ಷ ಕಷ್ಟಪಟ್ಟದ್ದು, ಆಟಿಯಲ್ಲಿ ಕೊಡುವುದಾ ಮಗಾ?" ಅಂದರು. ನಾನು ವಾದ ಮಾಡಲಿಲ್ಲ. "ಅತ್ತೆ, ಆಟಿಯಲ್ಲಿ ಹೊಸತು ಶುರು ಮಾಡಬಾರದು ಅಲ್ವಾ? ಇದು ಶುರು ಅಲ್ಲ, ಮುಗಿಸುವುದು" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಅದು ಹೌದು" ಅಂದರು.

ಬೈಂಡಿಂಗ್ ಆಗಿ ಬಂದದ್ದು ಆಟಿ ಅಮಾವಾಸ್ಯೆಯ ಹಿಂದಿನ ಸಂಜೆ. ಹಂಪನಕಟ್ಟೆಯಿಂದ ಐದು ಪ್ರತಿಗಳನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕಿಟಕಿಯ ಶಟರ್ ಸಂದಿಯಿಂದ ನೀರು ಬರುತ್ತಿತ್ತು. ಮೊಣಕೈ ಅಡ್ಡ ಹಿಡಿದು ಕೂತೆ. ಮರುದಿನ ಬೆಳಕು ಹರಿಯುವ ಮುಂಚೆ ಮಾವ ಕಲ್ಲಿನಿಂದ ಜಜ್ಜಿ ತಂದ ಹಾಲೆ ಮರದ ಕೆತ್ತೆಯ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಂಡೆವು. ಬಾಯಿಯ ಕಹಿ ಹೋಗಿರಲಿಲ್ಲ. ದೇವರ ಕೋಣೆಗೆ ಹೋಗಿ ನೋಡಿದರೆ ಮನೆಯಲ್ಲಿ ಉಳಿಸಿಕೊಳ್ಳುವ ಪ್ರತಿಯನ್ನು ಅತ್ತೆ ದೀಪದ ಹತ್ತಿರ ಇಟ್ಟಿದ್ದರು. ನೀಲಿ ರಟ್ಟಿನ ಮೇಲೆ, ಚಿನ್ನದ ಬಣ್ಣದ ಅಕ್ಷರದಲ್ಲಿದ್ದ ನನ್ನ ಹೆಸರಿನ ಪಕ್ಕದಲ್ಲಿ ಒಂದು ಕುಂಕುಮದ ಬೊಟ್ಟು. ಆ ಬೊಟ್ಟು ಈಗಲೂ ಇದೆ.

ಒಂದು ಉಪಯೋಗದ ಮಾತು: ಸಲ್ಲಿಸುವ ಮೊದಲು ಕೃತಿಚೌರ್ಯದ ತಪಾಸಣೆ ಆಗಬೇಕು. ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಪ್ರಕಾರ ಹೋಲಿಕೆ ಶೇ. 10ರ ಒಳಗಿರಬೇಕು. ಆ ವರದಿ ಕೈಗೆ ಬರುವವರೆಗೆ ಊರಿಗೆ ಹೋಗುವ ಟಿಕೆಟ್ ಮಾಡಿಸಬೇಡಿ. ಒಂದು ಸಹಿಗಾಗಿ ಮತ್ತೆ ಮತ್ತೆ ಓಡಬೇಕಾಗುತ್ತದೆ.

ಕುಟುಂಬದ ನೇಮವೂ ಸಮಿತಿಯ ಮಂಡನೆಯೂ ಒಂದೇ ದಿನ ಬಂದರೆ?

ನೇಮದ ದಿನಾಂಕ ತಿಂಗಳುಗಟ್ಟಲೆ ಮುಂಚೆ ಗೊತ್ತಾಗುತ್ತದೆ, ಸಮಿತಿಯದ್ದು ಒಂದೆರಡು ವಾರ ಮುಂಚೆ. ಹಾಗಾಗಿ ಮೊದಲು ಗೊತ್ತಾದದ್ದನ್ನು ಗೈಡ್‌ಗೆ ಮೊದಲೇ ಹೇಳಬೇಕು. "ಸರ್, ಫೆಬ್ರವರಿ ಎರಡನೇ ವಾರ ನಮ್ಮ ತರವಾಡು ಮನೆಯಲ್ಲಿ ನೇಮ. ಗುರುವಾರ, ಶುಕ್ರವಾರ ಬರಲು ಆಗುವುದಿಲ್ಲ. ಬೇರೆ ಯಾವ ದಿನವಾದರೂ ನಾನು ತಯಾರು." ಇಷ್ಟು ಸಾಕು. ಈ ಊರಿನಲ್ಲಿ ಪಾಠ ಮಾಡುವವರಿಗೆ ನೇಮ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅವರ ಮನೆಯಲ್ಲೂ ಇರುತ್ತದೆ. ಹೊರರಾಜ್ಯದ ಗೈಡ್ ಆದರೆ ಎರಡು ವಾಕ್ಯ ಜಾಸ್ತಿ ಬರೆಯಿರಿ: ಇದು ವರ್ಷಕ್ಕೊಮ್ಮೆ ಇಡೀ ಕುಟುಂಬ ಸೇರುವ ದಿನ ಅಂತ.

ಅದೇ ರೀತಿ ರಮ್ಜಾನ್ ಉಪವಾಸದಲ್ಲಿ ಮಂಡನೆ ಬಂದರೆ ಬೆಳಗಿನ ಸಮಯ ಕೇಳಿಕೊಳ್ಳಿ. ಮೊಂತಿ ಹಬ್ಬದ ಮುಂಚಿನ ಒಂಬತ್ತು ದಿನದ ನೊವೆನಾಕ್ಕೆ ಮಗುವನ್ನು ಹೂವಿನ ಜೊತೆ ಇಗರ್ಜಿಗೆ ಕರೆದುಕೊಂಡು ಹೋಗುವವರು ಸಂಜೆಯ ಮೀಟಿಂಗ್ ಒಪ್ಪಿಕೊಳ್ಳಬೇಡಿ. ಕೇಳಿದರೆ ಸಿಗುತ್ತದೆ. ನಾವು ಕೇಳಲಿಕ್ಕೇ ಹೆದರುತ್ತೇವೆ.

ಎಷ್ಟು ಹೇಳಿದರೂ ಕೆಲವೊಮ್ಮೆ ಆಗುವುದಿಲ್ಲ. ಹೊರಗಿನ ತಜ್ಞರು ಬರುವ ದಿನ ಅದೊಂದೇ ಆದರೆ ಮಂಡನೆಗೇ ಹೋಗಿ. ರಾತ್ರಿ ನೇಮಕ್ಕೆ ಮುಟ್ಟಬಹುದು. ನಾನು ಹಾಗೇ ಮಾಡಿದ್ದೇನೆ. ಮಧ್ಯಾಹ್ನ ಸಮಿತಿ, ರಾತ್ರಿ ಹತ್ತಕ್ಕೆ ಮೂಲ್ಕಿ ಹತ್ತಿರದ ಮನೆ. ಅಂಗಳದಲ್ಲಿ ತೆಂಗಿನ ಎಳೆಗರಿಯ ಸಿರಿ ಕಟ್ಟುತ್ತಿದ್ದರು, ದೊಡ್ಡಮ್ಮ ನನಗಂತ ಊಟ ತೆಗೆದಿಟ್ಟಿದ್ದರು.

ಮಧ್ಯದಲ್ಲಿ ಮದುವೆ ನಿಶ್ಚಯವಾಗಿದೆ. ಬೇರೆ ಊರಿಗೆ ಹೋಗಬೇಕು. ಪಿಎಚ್‌ಡಿ ಬಿಡಬೇಕಾ?

ಬಿಡಬೇಡಿ. ಮದುವೆಯಿಂದಾಗಿ ಊರು ಬದಲಿಸುವ ಹುಡುಗಿಯರು ತಮ್ಮ ಸಂಶೋಧನೆಯ ಮಾಹಿತಿಯನ್ನು ಹೊಸ ಊರಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಲು ನಿಯಮದಲ್ಲೇ ಅವಕಾಶ ಇದೆ. ಹಳೆಯ ಸಂಸ್ಥೆಗೂ ಗೈಡ್‌ಗೂ ಸಲ್ಲಬೇಕಾದ ಮನ್ನಣೆ ಕೊಡಬೇಕು. ಕೆಲಸವು ಹಳೆಯ ಸಂಸ್ಥೆ ಅನುದಾನ ತಂದ ಯೋಜನೆಯ ಭಾಗ ಆಗಿರಬಾರದು. ಈ ಮಾತನ್ನು ನಿಶ್ಚಿತಾರ್ಥದ ಮೊದಲೇ ಆ ಮನೆಯವರಿಗೆ ಹೇಳಿ. ಚಿನ್ನ, ಹಾಲ್, ಊಟದ ಎಲೆ ಎಷ್ಟು ಅಂತ ಎಲ್ಲ ಮಾತಾಡುತ್ತೇವೆ, ಥೀಸಿಸ್ ಬಗ್ಗೆ ಯಾಕೆ ಮಾತಾಡಬಾರದು?

ಮಗುವಾದರೆ ರಜೆ ಸಿಗುತ್ತದಾ?

ಸಿಗುತ್ತದೆ. ಪೂರ್ತಿ ಪಿಎಚ್‌ಡಿ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನೆಯ ರಜೆ ಉಂಟು. ಅರ್ಜಿ ಬರೆದು ಕೊಡಿ, ಮುದ್ರೆ ಹಾಕಿದ ಪ್ರತಿ ಇಟ್ಟುಕೊಳ್ಳಿ. ಬಾಯಿ ಮಾತಿನಲ್ಲಿ "ಆಯಿತು ಹೋಗಿ ಬಾ" ಅಂದದ್ದನ್ನು ನಂಬಿ ಹೋದ ಗೆಳತಿಯೊಬ್ಬಳಿಗೆ ಮರಳಿದಾಗ ಹಾಜರಿ ಇಲ್ಲ ಅಂದರು. ಅದನ್ನು ಸರಿ ಮಾಡಲು ಮೂರು ತಿಂಗಳು ಹೋಯಿತು. ಕೈಯಲ್ಲಿ ಕೂಸು ಬೇರೆ.

ಬಾಣಂತನದಲ್ಲಿ ಬರೆಯುತ್ತೇನೆ ಅಂತ ಲೆಕ್ಕ ಹಾಕಿಕೊಳ್ಳಬೇಡಿ. ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಸ್ನಾನ ಮಾಡಿ ಮಲಗಿ. ದೇಹ ಮೊದಲು.

ಮಳೆ ರಜೆಯ ದಿನ ಮಕ್ಕಳು ಮನೆಯಲ್ಲಿ. ಆ ದಿನ ಏನು ಮಾಡುವುದು?

ಜೂನ್, ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಕೆಲವೊಮ್ಮೆ ಬೆಳಿಗ್ಗೆ ಟಿಫಿನ್ ಕಟ್ಟಿದ ಮೇಲೆ ಗೊತ್ತಾಗುತ್ತದೆ. ಮಕ್ಕಳು ಕುಣಿಯುತ್ತಾರೆ, ನಮ್ಮ ಬರೆಯುವ ದಿನ ಹೋಯಿತು. ಇದಕ್ಕೆ ನಾವು ಪಕ್ಕದ ಮನೆಯವರ ಜೊತೆ ಒಪ್ಪಂದ ಮಾಡಿಕೊಂಡೆವು. ಒಂದು ಮಳೆ ರಜೆಗೆ ಎಲ್ಲ ಮಕ್ಕಳು ಅವರಲ್ಲಿ, ಮುಂದಿನದಕ್ಕೆ ನಮ್ಮಲ್ಲಿ. ನಮ್ಮಲ್ಲಿದ್ದ ದಿನ ನಾನು ಒಂದು ಸಾಲೂ ಬರೆಯುತ್ತಿರಲಿಲ್ಲ. ಹಲಸಿನ ಹಪ್ಪಳ ಸುಟ್ಟು ಕೊಡುವುದು, ಕಾಗದದ ದೋಣಿ ಮಾಡುವುದು. ಕಾಗದಕ್ಕೆ ಬರ ಇರಲಿಲ್ಲ, ಹಳೆಯ ಕರಡುಗಳಿದ್ದವು.

ಕೆಲಸದಲ್ಲಿದ್ದುಕೊಂಡೇ ಪಿಎಚ್‌ಡಿ ಮಾಡಬಹುದಾ?

ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಇದೆ. ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ಬೇಕು. ಆದರೆ ಮನೆ, ಕೆಲಸ, ಪಿಎಚ್‌ಡಿ ಮೂರನ್ನೂ ಹೊರುವಾಗ ಮನೆಯ ಕೆಲಸದಲ್ಲಿ ಯಾವುದನ್ನು ಯಾರು ಮಾಡುವುದು ಅಂತ ಸೇರುವ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿ. ಸೇರಿದ ಮೇಲೆ ಮಾತಾಡಿದರೆ ಅದು ಜಗಳ ಆಗುತ್ತದೆ.

ಫೆಲೋಶಿಪ್ ಹಣದಲ್ಲಿ ಹಬ್ಬ, ಉಡುಗೊರೆ ಎಲ್ಲ ಹೇಗೆ?

2023ರ ಜನವರಿಯಿಂದ ಕಿರಿಯ ಸಂಶೋಧಕರ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000 ರೂಪಾಯಿ, ಹಿರಿಯ ಸಂಶೋಧಕರದ್ದು (ಎಸ್‌ಆರ್‌ಎಫ್) 42,000. ಅದು ಸಿಗುವವರು ಕಡಿಮೆ, ಸಿಕ್ಕಿದರೂ ತಿಂಗಳು ತಿಂಗಳು ಸರಿಯಾಗಿ ಖಾತೆಗೆ ಬೀಳುತ್ತದೆ ಅಂತ ಇಲ್ಲ. ಹಾಗಾಗಿ ಮದುವೆಗಳ ಉಡುಗೊರೆಗೆ ಒಂದು ಮೊತ್ತ ಹಾಕಿಕೊಂಡು ಅದನ್ನು ದಾಟಬೇಡಿ. ತಂಗಿಯ ಸೀಮಂತಕ್ಕೆ ಸೀರೆ ಕೊಡಲು ಆಗದಿದ್ದರೆ ಎರಡು ದಿನ ಮೊದಲೇ ಹೋಗಿ ಚಕ್ಕುಲಿ ಒತ್ತಿ ಕೊಡಿ. ನಾನು ಅದನ್ನೇ ಮಾಡಿದ್ದು, ಅವಳು ಈಗಲೂ ಅದನ್ನೇ ಹೇಳುತ್ತಾಳೆ.

ಸಣ್ಣ ಸಣ್ಣ ಹಂತಕ್ಕೆಲ್ಲ ಸಂಭ್ರಮ ಬೇಕಾ? ಪದವಿ ಸಿಕ್ಕಿದ ಮೇಲೆ ಒಟ್ಟಿಗೆ ಮಾಡಿದರೆ ಸಾಲದಾ?

ಸಾಲದು. ನನ್ನ ಅಪ್ಪ ನಾನು ಮೂರನೇ ವರ್ಷದಲ್ಲಿರುವಾಗ ತೀರಿಕೊಂಡರು. ಕೋರ್ಸ್‌ವರ್ಕ್ ಪಾಸಾದ ದಿನ ಅವರನ್ನೂ ಮಗಳನ್ನೂ ಕರೆದುಕೊಂಡು ಮಂಗಳೂರಿನಲ್ಲಿ ಗಡ್‌ಬಡ್ ಐಸ್‌ಕ್ರೀಂ ತಿನ್ನಲು ಹೋಗಿದ್ದೆ. ಉದ್ದ ಗ್ಲಾಸಿನ ತಳದಲ್ಲಿದ್ದ ಜೆಲ್ಲಿಗೆ ಚಮಚ ಮುಟ್ಟದೆ ಅಪ್ಪ ಒದ್ದಾಡಿದರು. ಮೊಮ್ಮಗಳು ತನ್ನ ಉದ್ದ ಚಮಚ ಕೊಟ್ಟಳು. "ಡಾಕ್ಟರ್ ಆದ ಮೇಲೆ ಇನ್ನೊಮ್ಮೆ ಬರುವ" ಅಂದಿದ್ದರು. ಆ ಒಂದು ಸಂಜೆಯಾದರೂ ನಮಗೆ ಸಿಕ್ಕಿತಲ್ಲ.

ಅದಕ್ಕೇ ಹೇಳುತ್ತೇನೆ, ಆಯಾ ದಿನದ್ದು ಆಯಾ ದಿನವೇ ಆಗಲಿ. ಖರ್ಚಿನದ್ದು ಬೇಡ. ಆರು ತಿಂಗಳ ವರದಿ ಕೊಟ್ಟ ಸಂಜೆ ನಮ್ಮ ಮನೆಯಲ್ಲಿ ಗೋಳಿಬಜೆ. ಮೊದಲ ಲೇಖನ ಪ್ರಕಟವಾದಾಗ ಪತ್ರೊಡೆ, ಅದೂ ಕೆಸುವಿನ ಎಲೆ ಚಿಗುರಿದ ಸಮಯವೇ ಆಗಿತ್ತು. ಅಂದ ಹಾಗೆ, ಯುಜಿಸಿಯ 2022ರ ನಿಯಮದಲ್ಲಿ ಲೇಖನ ಪ್ರಕಟಣೆ ಕಡ್ಡಾಯ ಇಲ್ಲ. ಆದರೆ ಈಗಲೂ ಕೇಳುವ ವಿಶ್ವವಿದ್ಯಾಲಯಗಳಿವೆ, ವಿಚಾರಿಸಿಕೊಳ್ಳಿ.

ಇದು ನಿಮ್ಮೊಬ್ಬರ ಸಂಭ್ರಮ ಅಂತ ನೋಡಬೇಡಿ. ನೀವು ಓದುವಾಗ ಪಾತ್ರೆ ತೊಳೆದವರು, ಮಗುವನ್ನು ಮಲಗಿಸಿದವರು, ಟಿವಿಯ ಧ್ವನಿ ಇಳಿಸಿದವರು ಇದ್ದಾರೆ. ಅವರಿಗೂ ಕೆಲಸ ಒಂದು ಹೆಜ್ಜೆ ಮುಂದೆ ಹೋಯಿತು ಅಂತ ಗೊತ್ತಾಗಬೇಕು.

ಮನೆಯಲ್ಲಿ ಸಾವು, ಕಾಯಿಲೆ ಬಂದರೆ?

ಅಪ್ಪ ಹೋದಾಗ ನಾನು ಮೂರು ತಿಂಗಳು ಏನೂ ಮಾಡಲಿಲ್ಲ. ಬೊಜ್ಜದ (ಉತ್ತರಕ್ರಿಯೆಯ) ಮರುದಿನ ಗೈಡ್‌ಗೆ ನಾಲ್ಕು ಸಾಲಿನ ಮೇಲ್ ಬರೆದೆ, ಅಷ್ಟೆ. ಅವರು "ನಿಧಾನಕ್ಕೆ ಬಾರಮ್ಮ" ಅಂದರು. ಆ ಸೆಮಿಸ್ಟರ್‌ನ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಯಾರಿಗೂ ಹೇಳದೆ ಮಾಯವಾಗುವುದೊಂದು ಮಾಡಬೇಡಿ.

ವೈವಾ ದಿನ ಮನೆಯವರು ಬರಬಹುದಾ? ಊಟ, ಸಿಹಿ ಹೇಗೆ?

ವೈವಾ ಸಾರ್ವಜನಿಕವಾಗಿ ನಡೆಯುತ್ತದೆ. ನಮ್ಮ ಕಡೆ ಮನೆಯವರೂ ಬಂದು ಹಿಂದಿನ ಸಾಲಿನಲ್ಲಿ ಕೂರುವುದುಂಟು. ವಿಭಾಗದಲ್ಲಿ ಮುಂಚೆಯೇ ಒಂದು ಮಾತು ಕೇಳಿ. ಸಲ್ಲಿಸಿದ ಆರು ತಿಂಗಳೊಳಗೆ ಎಲ್ಲ ಮುಗಿಯಬೇಕು ಅಂತ ನಿಯಮ ಹೇಳುತ್ತದೆ, ಆದರೆ ಪರೀಕ್ಷಕರ ವರದಿ ಬರುವುದನ್ನು ಕಾಯಬೇಕು. ಹಾಗಾಗಿ ದಿನಾಂಕ ಪಕ್ಕಾ ಆಗುವ ಮೊದಲು ದುಬೈಯಲ್ಲಿರುವ ಅಣ್ಣನಿಗೆ ಟಿಕೆಟ್ ಮಾಡಲು ಹೇಳಬೇಡಿ.

ಊಟ ಸರಳವಾಗಿರಲಿ. ಪರೀಕ್ಷಕರಿಗೆ ದೊಡ್ಡ ಔತಣ, ಉಡುಗೊರೆ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಸಾಲ ಮಾಡಿ ಕೊಟ್ಟವರನ್ನು ನೋಡಿದ್ದೇನೆ, ಬೇಸರವಾಗುತ್ತದೆ. ಬನ್ಸ್, ಚಹಾ, ಎಲ್ಲರಿಗೂ ಒಂದೊಂದು ತುಂಡು ಹೋಳಿಗೆ ಧಾರಾಳ ಸಾಕು.

ಹೆಸರಿನ ಹಿಂದೆ "ಡಾ." ಯಾವಾಗ ಹಾಕಿಕೊಳ್ಳಬಹುದು? ಊರಿನವರು ಫ್ಲೆಕ್ಸ್ ಹಾಕಲು ಹೊರಟಿದ್ದಾರೆ.

ವಿಶ್ವವಿದ್ಯಾಲಯದ ಅಧಿಸೂಚನೆ ಅಥವಾ ತಾತ್ಕಾಲಿಕ ಪ್ರಮಾಣಪತ್ರ ಕೈಗೆ ಬಂದ ಮೇಲೆ. ಅದಕ್ಕೆ ಮೊದಲು ಫ್ಲೆಕ್ಸ್ ಬೇಡ ಅಂತ ಪ್ರೀತಿಯಿಂದ ಹೇಳಿ. ಆಮೇಲೆ ಹಾಕಲಿ, ತಡೆಯಬೇಡಿ. ಹಳ್ಳಿಯ ಯುವಕ ಮಂಡಲದವರು ಕಟ್ಟುವ ಆ ಫ್ಲೆಕ್ಸ್ ನೋಡಿ ಶಾಲೆಗೆ ಹೋಗುವ ಒಬ್ಬ ಹುಡುಗಿ "ಅಮ್ಮ, ಪಿಎಚ್‌ಡಿ ಅಂದರೆ ಎಂತದು?" ಅಂತ ಕೇಳಿಯೇ ಕೇಳುತ್ತಾಳೆ.

ನಮ್ಮಲ್ಲಿ ಫ್ಲೆಕ್ಸ್ ಹಾಕಲಿಲ್ಲ. ವೈವಾ ಮುಗಿಸಿ ಸಂಜೆ ಮನೆಗೆ ಬಂದಾಗ ಅತ್ತೆ ಹೆಸರುಬೇಳೆ ಪಾಯಸ ಮಾಡಿದ್ದರು. ಮಗಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ನನ್ನ ಕೆಂಪು ಪೆನ್ನಿನಲ್ಲೇ ಸುತ್ತು ಹಾಕಿ, ಒಳಗೆ "ಮುಗೀತು" ಅಂತ ಬರೆದಿದ್ದಳು.